ತೋಳ ಮುಂದೆ, ಕುರಿ ಹಿಂದೆ

ನಾನು ತೋಳವನ್ನು ಕಣ್ಣಾರೆ ಕಂಡವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಕಾಡುಮೇಡು ಅಲೆದ ಧೀರೆ ಎಂದುಕೊಳ್ಳಬಾರದು. ನಾನು ಕಂಡಿದ್ದು ಚುಕ್ಕೆಗಳನ್ನು ಮಾತ್ರ. ಮುಂಬಯಿಯ ಪಕ್ಕದ ಐರೋಲಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ವನ್ಯಜೀವಿಗಳ ಅಧ್ಯಯನ ಮಾಡುವ ಐದೇ ಜನರ ಸಂಸ್ಥೆಯೊಂದಿದೆ. ಅಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬರೆಯುವುದು ನನ್ನ ಕೆಲಸ. ಕಿಟಕಿಯಿಂದ ನೋಡಿದರೆ ಖಾಡಿಯ ಹಿನ್ನೀರು, ಫ್ಲೆಮಿಂಗೋ ಬರುವ ಕಾಲದಲ್ಲಿ ಫ್ಲೆಮಿಂಗೋ. ತೋಳವಂತೂ ಅಲ್ಲಿಂದ ಒಂದು ಹಗಲಿನ ರೈಲು ಪ್ರಯಾಣದಷ್ಟು ದೂರ.

ಆ ಬೇಸಿಗೆಯಲ್ಲಿ ನಮಗೆ ಬಂದ ಪ್ರಶ್ನೆ ಕೇಳಲು ಸುಲಭವಾಗಿತ್ತು. ಎರಡು ರಾಜ್ಯಗಳ ಗಡಿಯ ಹತ್ತಿರ ಬಯಲುಸೀಮೆಯಲ್ಲಿ ಹುಲ್ಲುಗಾವಲಿನ ಒಂದು ಅಭಯಾರಣ್ಯವಿದೆ. ಅದು ತೋಳಗಳನ್ನು ಎಷ್ಟರಮಟ್ಟಿಗೆ ಕಾಪಾಡುತ್ತಿದೆ? ಉತ್ತರ ಹುಡುಕುವುದಕ್ಕೆ ಎರಡು ತೋಳಗಳ ಕೊರಳಿಗೆ ರೇಡಿಯೊ ಕಾಲರ್ ಹಾಕಲಾಗಿತ್ತು. ಮೊದಲನೆಯದು ಗಂಡು. ಅದು ಎರಡೇ ತಿಂಗಳಲ್ಲಿ ಕಾಲರನ್ನು ಎಲ್ಲೋ ಬೇಲಿಗೆ ಸಿಕ್ಕಿಸಿ ಕಳಚಿಕೊಂಡು ಹೋಯಿತು. ಉಳಿದವಳು ಎರಡನೆಯವಳು. ಕಡತದಲ್ಲಿ ಅವಳಿಗೊಂದು ಸಂಖ್ಯೆ ಇತ್ತು, ನನಗೆ ಮಾತ್ರ ಅವಳು ‘ಎರಡನೆಯವಳು’. ಮೂರು ಗಂಟೆಗೊಮ್ಮೆ ಅವಳ ಕಾಲರ್ ತಾನಿರುವ ಜಾಗವನ್ನು ಉಪಗ್ರಹಕ್ಕೆ ಹೇಳುತ್ತಿತ್ತು. ಅದು ನನ್ನ ಪರದೆಯ ಮೇಲೆ ಒಂದು ಚುಕ್ಕೆಯಾಗಿ ಬಂದು ಕೂರುತ್ತಿತ್ತು.

ಡೊಂಬಿವಲಿಯಿಂದ ಠಾಣೆಗೆ ಬರುವ ಬೆಳಗಿನ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ನನ್ನದೊಂದು ಗುಂಪಿದೆ. ಬಾಗಿಲ ಬಳಿ ನೇತಾಡುತ್ತಲೇ ಅವರು ವಿಚಾರಿಸುತ್ತಿದ್ದರು: “ಕಾಯ ಗ, ತುಝೀ ಲಾಂಡಗೀಣ ಆಜ ಕುಠೆ?” ನಿನ್ನ ತೋಳ ಇವತ್ತು ಎಲ್ಲಿದ್ದಾಳೆ ಎಂದು. ನಿನ್ನೆ ಹಳ್ಳ ದಾಟಿದಳು, ಇವತ್ತು ಜೋಳದ ಹೊಲದ ಬದುವಿನಲ್ಲಿ ಮಲಗಿದ್ದಾಳೆ ಎಂದು ನಾನು ವರದಿ ಒಪ್ಪಿಸುತ್ತಿದ್ದೆ. ಸೊಸೆಯ ಸುದ್ದಿ ಕೇಳಿದಷ್ಟೇ ಕಾಳಜಿಯಿಂದ ಕೇಳುತ್ತಿದ್ದರು. ನನಗೆ ಆ ಹೆಂಗಸರ ಮೇಲೆ ಪ್ರೀತಿ ಹುಟ್ಟಿದ್ದೇ ಆ ತಿಂಗಳುಗಳಲ್ಲಿ.

ಮೊದಲ ವಾರ ಚುಕ್ಕೆಗಳನ್ನು ಶುದ್ಧ ಮಾಡುವುದರಲ್ಲೇ ಕಳೆಯಿತು. ಕಾಲರ್ ಹೇಳುವುದು ಲೋಕಕ್ಕೆಲ್ಲ ಒಂದೇ ಆದ ಸಮಯ. ನಮ್ಮ ಗಡಿಯಾರಕ್ಕೆ ತರಲು ಐದೂವರೆ ಗಂಟೆ ಕೂಡಿಸಬೇಕು. ಅದನ್ನು ಮರೆತು ಎರಡು ದಿನ ನಾನು, ಈ ತೋಳ ಯಾಕೆ ಸುಡುಬಿಸಿಲಲ್ಲಿ ಓಡಾಡಿ ತಂಪು ಹೊತ್ತಲ್ಲಿ ಮಲಗುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದೆ. ಉಪಗ್ರಹ ಸರಿಯಾಗಿ ಸಿಗದ ಹೊತ್ತು ಎಲ್ಲೋ ದೂರ ಬಿದ್ದ ಕಳ್ಳ ಚುಕ್ಕೆಗಳನ್ನು ಕಿತ್ತು ಹಾಕಿದೆ. ಆಮೇಲೆ ಅಭಯಾರಣ್ಯದ ಗಡಿಯನ್ನು ಹಸಿರು ಗೆರೆಯಲ್ಲಿ ಎಳೆದು ಚುಕ್ಕೆಗಳ ಮೇಲೆ ಹೊದಿಸಿದೆ.

ಬಹುಪಾಲು ಚುಕ್ಕೆಗಳು ಗಡಿಯ ಹೊರಗಿದ್ದವು.

ನಮ್ಮ ಮುಖ್ಯಸ್ಥೆ ಜೀವವಿಜ್ಞಾನಿ. ಮಾತು ಒರಟು, ಮನಸ್ಸು ಮೆತ್ತಗೆ. ಹುಲ್ಲುಗಾವಲಿನಲ್ಲಿ ಹೊಟ್ಟೆಯ ಮೇಲೆ ತೆವಳಿ ಮೊಣಕೈ ಕಪ್ಪಾಗಿಸಿಕೊಂಡವರು. ಅವರನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಅವರು ನಕ್ಷೆ ನೋಡಿ ನಿಟ್ಟುಸಿರು ಬಿಟ್ಟರು. ಚಳಿಗಾಲದ ಚುಕ್ಕೆಗಳೆಲ್ಲ ಗಡಿಯಿಂದ ಹೊರಗಿನ ಒಂದು ಕಲ್ಲುಗುಡ್ಡದ ಸುತ್ತ ಒತ್ತೊತ್ತಾಗಿದ್ದವು. ಎರಡನೆಯವಳು ಮರಿ ಹಾಕಿದ್ದು ಅಲ್ಲೇ, ಒಂದು ಕೊರಕಲಿನ ಗುದ್ದಿನಲ್ಲಿ. ಹಾಗಾದರೆ ಉತ್ತರ ಸಿಕ್ಕಿತಲ್ಲ, ಗುಡ್ಡವನ್ನೂ ಅಭಯಾರಣ್ಯಕ್ಕೆ ಸೇರಿಸಿ, ಬೇಲಿ ಹಾಕಿ, ಮೇಯಿಸುವುದನ್ನು ನಿಲ್ಲಿಸಬೇಕು ಎಂದರು. ಗುಡ್ಡದ ಸುತ್ತ ಕೆಂಪು ಗೆರೆ ಎಳೆದವಳು ನಾನು. ಗೆರೆ ಎಷ್ಟು ನಯವಾಗಿ ಬಂತೆಂದರೆ ನನ್ನ ಕೈಯನ್ನು ನಾನೇ ಮೆಚ್ಚಿಕೊಂಡೆ. ಮಳೆಗೆ ಮುಂಚೆ ಸಮಿತಿ ಸೇರಲಿತ್ತು, ವರದಿಗೆ ಇನ್ನು ಬೇಕಾಗಿದ್ದು ಕುರಿಗಾರರ ಹೇಳಿಕೆಗಳು ಮಾತ್ರ.

ಆ ಹೇಳಿಕೆಗಳು ಧ್ವನಿಮುದ್ರಣದಲ್ಲಿದ್ದವು, ಕನ್ನಡದಲ್ಲಿ. “ನಿನಗೆ ಕನ್ನಡ ಬರುತ್ತದಲ್ಲ, ಕೇಳಿ ಬರೆದು ಕೊಡು” ಎಂದರು ಮೇಡಂ. ಬರುತ್ತದೆ ನಿಜ. ಆದರೆ ನಾನು ಉಡುಪಿ ಕಡೆಯವಳು, ಮನೆಯಲ್ಲಿ ತುಳು, ಬೆಳೆದದ್ದು ಡೊಂಬಿವಲಿ. ವಿಜಯಪುರದ ಕಡೆಯ ಕುರಿಗಾರರು ಗಾಳಿಗೆ ಎದುರಾಗಿ ನಿಂತು ಗಡಗಡನೆ ಆಡಿದ್ದರಲ್ಲಿ ಅರ್ಧ ನನ್ನ ಕಿವಿಯ ಹೊರಗೇ ಉಳಿಯಿತು. ಎರಡು ದಿನ ಹೆಡ್‌ಫೋನ್ ಹಾಕಿಕೊಂಡು ಮುಖ ಗಂಟಿಕ್ಕಿ ಕೂತೆ. ಸೋತೆ ಎಂದು ಮೇಡಂಗೆ ಹೇಳಲು ನಾಚಿಕೆ.

ಠಾಣೆಯಲ್ಲಿ ಐರೋಲಿಯ ಗಾಡಿಗೆ ಕಾಯುವಾಗ ಪ್ಲಾಟ್‌ಫಾರ್ಮಿನಲ್ಲಿ ದಿನವೂ ಕಟ್ಟಡ ಕೆಲಸದವರ ಒಂದು ಗುಂಪು ಕಾಣುತ್ತಿತ್ತು. ದಿವಾದಿಂದ ಬಂದು ಘಣಸೋಲಿಗೆ ಹೋಗುವವರು. ಅವರಾಡುವುದು ಅದೇ ಧ್ವನಿಮುದ್ರಣದ ಕನ್ನಡ. ಒಂದು ಬೆಳಿಗ್ಗೆ ಸಂಕೋಚ ಬಿಟ್ಟು ಮೊಬೈಲನ್ನು ಅವರ ಮುಂದೆ ಹಿಡಿದೆ. ಒಬ್ಬ ಕೇಳಿ ನಕ್ಕ.

“ಇದು ನಮ್ಮ ಕಡೀ ಮಾತ್ರೀ ಅಕ್ಕಾರ. ಆದ್ರ ಕುರಿ ಕಾಯೋರ ಮಾತ. ನಾಳಿ ನಮ್ಮ ಮಾಮಾನ್ನ ಕರಕೊಂಡ ಬರ್ತೀನಿ, ಅಂವಾ ಅಲ್ಲೀವನ.”

ಮರುದಿನ ಬಂದ ಮಾಮಾ ನಲವತ್ತರ ಆಸುಪಾಸಿನ ಗಟ್ಟಿಗ. ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ. ಮುಂಬಯಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಕುರಿ ಕಾಯ್ದವರು. ಅಣ್ಣ ಈಗಲೂ ಹಿಂಡಿನ ಜೊತೆ ಇದ್ದಾರೆ, ಹಿಂಡಿನಲ್ಲಿ ಇವರ ಪಾಲಿನ ಕುರಿಗಳೂ ಇವೆ. ನಮ್ಮ ನಮೂನೆಯಲ್ಲಿ ‘ಕುರಿಗಳ ಸಂಖ್ಯೆ’ ಎಂದು ತುಂಬಬೇಕಾದ ಒಂದು ಮನೆ ಇತ್ತು. ಎಷ್ಟು ಕುರಿ ಎಂದು ಕೇಳಿದೆ. “ಹಿಂಡ ಐತ್ರಿ” ಎಂದರು. ಇನ್ನೊಮ್ಮೆ ಕೇಳಿದೆ. “ದೇವರ ದಯಾದಿಂದ ಹಿಂಡ ಐತ್ರಿ” ಎಂದರು. ಕುರಿ ಎಣಿಸಿ ಹೊರಗಿನವರಿಗೆ ಹೇಳುವ ಪದ್ಧತಿ ಅವರಲ್ಲಿಲ್ಲವಂತೆ, ದೃಷ್ಟಿ ತಾಗುತ್ತದೆ. ಆ ಮನೆಯನ್ನು ಖಾಲಿ ಬಿಟ್ಟೆ.

ಭಾನುವಾರ ಅವರಿಗೆ ರಜೆ. ಡೊಂಬಿವಲಿಯ ನಮ್ಮ ಮನೆಗೇ ಬಂದರು. ಅಮ್ಮ ನೀರುದೋಸೆ ಹೊಯ್ದು, “ಕೂತ್ಕೊಳ್ಳಿ ಮಾರಾಯ್ರೆ, ತಿನ್ನದೆ ಎಂತ ಕೆಲಸ” ಎಂದು ತಟ್ಟೆ ಮುಂದಿಟ್ಟರು. ತಿಂದು, ಧ್ವನಿ ಕೇಳಿ, ಒಂದೊಂದೇ ವಾಕ್ಯ ಬಿಡಿಸಿ ಹೇಳಿದರು. ನನಗೆ ಗಾಳಿಯ ಸದ್ದಿನಂತೆ ಕೇಳಿದ್ದರಲ್ಲಿ ಅವರಿಗೆ ಯಾರ ಕುರಿ ಕೆಮ್ಮಿತು ಎಂಬುದೂ ಕೇಳುತ್ತಿತ್ತು. ಕೆಲಸ ಮುಗಿದ ಖುಷಿಗೆ ನಾನು ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದು ತೋರಿಸಿದೆ. ಉಪಗ್ರಹ ತೆಗೆದ ಚಿತ್ರದ ಮೇಲೆ ಬೆರಳಾಡಿಸಿ ಬಾವಿ, ಹುಣಸೆ ಮರ, ಹಳ್ಳ ಎಲ್ಲ ಗುರುತಿಸಿದರು. ಬೆರಳು ಗುಡ್ಡಕ್ಕೆ ಬಂದು ನಿಂತಿತು.

“ಇದು ನಮ್ಮ ಗುಡ್ಡರೀ. ಈ ಕೆಂಪ ಗೆರಿ ಏನ್ರಿ ಅಕ್ಕಾರ?”

ಹೆಮ್ಮೆಯಿಂದ ವಿವರಿಸಿದೆ. ತೋಳ ಅಲ್ಲಿ ಮರಿ ಹಾಕುತ್ತದೆ, ಹಾಗಾಗಿ ಅದನ್ನು ಕಾಪಾಡುತ್ತೇವೆ.

“ಹಂಗಂದ್ರ ಕುರಿ ಒಳಗ ಹೋಗಂಗಿಲ್ಲ?”

“ಇಲ್ಲ.”

ಅವರು ಕಾಫಿ ಲೋಟವನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: “ಮಳಿಗಾಲದಾಗ ಎಲ್ಲಾ ಹೊಲದಾಗ ಬೆಳಿ ಇರ್ತೈತ್ರಿ. ಕುರಿಗೆ ಈ ಗುಡ್ಡ ಒಂದ ಗತಿ. ಇದನ್ನ ಮುಚ್ಚಿದ್ರ ಅಣ್ಣ ಹಿಂಡ ಮಾರ್ತಾನ. ಮಾರಿ ನನ್ನ ಜೋಡಿ ದಿವಾಕ್ಕ ಬರ್ತಾನ, ಹಲಗಿ ಹೊರಾಕ. ಅದ ಇರಲಿ, ನಿಮ್ಮ ತ್ವಾಳ ಏನ್ ಮಾಡ್ತೈತ್ರಿ? ಕುರಿ ಇಲ್ದ ಅಲ್ಲಿ ಕುಂತು ಹುಲ್ಲ ತಿಂತೈತೇನು?”

ನನಗೆ ಸಿಟ್ಟು ಬಂತು. ನಾನು ವಾರಗಟ್ಟಲೆ ಕೂತು ಬರೆದ ನಕ್ಷೆಯನ್ನು ಒಂದು ಕಾಫಿ ಮುಗಿಯುವುದರಲ್ಲಿ ಮುರಿದು ಹಾಕುತ್ತಿದ್ದಾರಲ್ಲ ಎಂದು. ಅಭಯಾರಣ್ಯದಲ್ಲಿ ಜಿಂಕೆ, ಮೊಲ ಇವೆ ಎಂದು ವಾದಿಸಿದೆ. ಅವರು ಶಾಂತವಾಗಿ ಹೇಳಿದರು, ಮೇಯಿಸುವುದನ್ನು ನಿಲ್ಲಿಸಿದ ಮೇಲೆ ಅಲ್ಲಿ ಸಸಿ ನೆಟ್ಟರು, ಮುಳ್ಳು ಬೆಳೆದು ಬಯಲೇ ಮುಚ್ಚಿಹೋಯಿತು, ಜಿಂಕೆಗಳೇ ಹೊರಗಿನ ಹೊಲಕ್ಕೆ ಬಂದು ಮೇಯುತ್ತವೆ. ತೋಳಕ್ಕೆ ದೂರ ಕಾಣಬೇಕು, ಕಾಲಿಗೆ ಬಯಲು ಬೇಕು. ಅದು ಹಿಂಡಿನ ಹಿಂದೆಯೇ ಇರುತ್ತದೆ. ಸತ್ತದ್ದು, ಕುಂಟಿದ್ದು, ಹಿಂದೆ ಬಿದ್ದ ಮರಿ, ಏನು ಸಿಕ್ಕರೂ ಅದರದ್ದು.

“ಹಿಂಡಿನ ಹಿಂದೆಯೇ ಇರುತ್ತದೆ ಎಂದು ಹೇಗೆ ತೋರಿಸುವುದು? ಹಿಂಡಿಗೆ ಕಾಲರ್ ಇಲ್ಲವಲ್ಲ” ಎಂದೆ.

“ಕಾಲರ್ ಯಾಕ್ರಿ? ಕುರಿ ಯಾವಾಗ ಎಲ್ಲಿದ್ವು ನಾ ಹೇಳ್ತೀನಿ, ಬರಕೊಳ್ರಿ.”

ಸುಗ್ಗಿ ಮುಗಿದ ಮೇಲೆ ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ನಾಲ್ಕು ದಿನ ಒಬ್ಬರ ಹೊಲ, ಆರು ದಿನ ಇನ್ನೊಬ್ಬರದು. ಅಣ್ಣ ಪ್ರತಿ ಸಂಜೆ ಫೋನು ಮಾಡಿ ಇವತ್ತು ಯಾರ ಹೊಲ ಎಂದು ಹೇಳುತ್ತಾರಂತೆ, ಇವರು ಕೇಳಿ ನೆನಪಿಟ್ಟುಕೊಳ್ಳುತ್ತಾರಂತೆ. ಮನೆಮಂದಿಯ ನಡುವೆ ಬೇರೆ ಸುದ್ದಿಯೇ ಬೇಡ. ಅವರು ಕಣ್ಣು ಮುಚ್ಚಿ ಶುರು ಮಾಡಿದರು. ಎಳ್ಳ ಅಮಾವಾಸ್ಯೆಗೆ ಗುಡ್ಡ. ಬನದ ಹುಣ್ಣಿಮೆಗೆ ಗುಡ್ಡದ ಬುಡ. ಭಾರತ ಹುಣ್ಣಿಮೆಗೆ ಗೌಡರ ಹೊಲ, ಅಲ್ಲಿಂದ ನಾಲ್ಕು ದಿನಕ್ಕೆ ಹಳ್ಳದ ದಂಡೆಯ ಮಾಸ್ತರರ ಹೊಲ. ಹೋಳಿ ಹುಣ್ಣಿಮೆಗೆ ಹಳ್ಳದಾಚೆ ದೂರದ ಕರಿಮಣ್ಣಿನ ಸೀಮೆ. ದವನದ ಹುಣ್ಣಿಮೆಗೆ ಇನ್ನೂ ಮುಂದೆ. ಒಂದೊಂದು ಹೊಲವನ್ನೂ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಬರೆದುಕೊಂಡೆ.

ನನಗೆ ಆ ಹುಣ್ಣಿಮೆಗಳ ಹೆಸರೇ ಗೊತ್ತಿರಲಿಲ್ಲ. ಬನದ ಹುಣ್ಣಿಮೆ ಯಾವ ತಿಂಗಳಿನದು ಎಂದು ಕೇಳಿದೆ, ಪುಷ್ಯ ಎಂದರು. ಭಾರತ ಹುಣ್ಣಿಮೆ ಮಾಘ, ದವನದ್ದು ಚೈತ್ರ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ನೇತುಹಾಕಿದ್ದ, ಊರಿನಿಂದ ಮಾವ ಪ್ರತಿವರ್ಷ ಕಳಿಸುವ ಅಮ್ಮನ ಪಂಚಾಂಗವನ್ನು ಇಳಿಸಿಕೊಂಡು ಆ ತಿಂಗಳುಗಳಿಗೆ ತಾರೀಕು ಹುಡುಕಿದೆ. ಹೋಳಿಗೆ ಮಾತ್ರ ಪಂಚಾಂಗ ಬೇಕಾಗಲಿಲ್ಲ. ಡೊಂಬಿವಲಿಯಲ್ಲಿ ಇರುವವರಿಗೆ ಹೋಳಿ ಯಾವಾಗ ಬಂತೆಂದು ಯಾರೂ ಹೇಳಬೇಕಿಲ್ಲ, ನನ್ನ ಬಿಳಿ ಕುರ್ತಾ ಇನ್ನೂ ಸಾಕ್ಷಿ ಹೇಳುತ್ತಿದೆ.

ಸೋಮವಾರ ಹೊಲಗಳನ್ನು ನೀಲಿ ಚುಕ್ಕೆಗಳಾಗಿ ನಕ್ಷೆಗೆ ಏರಿಸಿ, ಎರಡನೆಯವಳ ಚುಕ್ಕೆಗಳ ಜೊತೆ ದಿನದಿನಕ್ಕೆ ಓಡಿಸಿ ನೋಡಿದೆ. ಮೇಡಂ ನನ್ನ ಹಿಂದೆ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದರು. ದಾರಿ ಒಂದೇ, ನಿಜ. ಆದರೆ ತೋಳ ಗೌಡರ ಹೊಲಕ್ಕೆ ಬಂದು ಹೋದ ಒಂದು ತಿಂಗಳ ಮೇಲೆ ಕುರಿಗಳು ಅಲ್ಲಿಗೆ ಬಂದವು. ಹೆಚ್ಚುಕಡಿಮೆ ಎಲ್ಲ ಕಡೆಯೂ ಅದೇ ಕಥೆ, ತೋಳ ಮುಂದೆ, ಕುರಿ ಹಿಂದೆ.

“ಅಗ, ಇಲ್ಲಿ ಕುರಿಗಳೇ ತೋಳವನ್ನು ಬೇಟೆಯಾಡುತ್ತಿವೆಯಲ್ಲ” ಎಂದರು ಮೇಡಂ. ಆಫೀಸಿನವರೆಲ್ಲ ನಕ್ಕರು. ಅಷ್ಟರಲ್ಲಿ ಅವರ ಕಣ್ಣು ಹೋಳಿಯ ದಿನಕ್ಕೆ ಬಿತ್ತು. ಆ ಒಂದೇ ದಿನ ಎರಡು ನೀಲಿ ಚುಕ್ಕೆ. ಒಂದು ಗೌಡರ ಹೊಲದಲ್ಲಿ, ಇನ್ನೊಂದು ಹಳ್ಳದಾಚೆ, ಎರಡು ದಿನ ನಡೆದರೂ ಮುಟ್ಟದಷ್ಟು ದೂರದಲ್ಲಿ. “ಒಂದೇ ಹಿಂಡು ಎರಡು ಕಡೆ! ನೆನಪು ಎಂದರೆ ಇಷ್ಟೇ. ಒಳ್ಳೆಯ ಮನುಷ್ಯ ಇರಬಹುದು, ಆದರೆ ಇದು ಮಾಹಿತಿ ಅಲ್ಲ. ನೀಲಿ ತೆಗೆದುಬಿಡು.”

ತೆಗೆದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವಾಯಿತು, ನನ್ನ ಕೆಂಪು ಗೆರೆ ಉಳಿಯಿತಲ್ಲ ಎಂದು.

ಮರುದಿನ ಠಾಣೆಯಲ್ಲಿ ಮಾಮಾ ಸಿಕ್ಕಾಗ, ನಿಮ್ಮ ಲೆಕ್ಕದಲ್ಲಿ ಒಂದೇ ದಿನಕ್ಕೆ ಎರಡು ಹೊಲ ಬಂದಿವೆ, ಎಲ್ಲೋ ಮರೆತಿದ್ದೀರಿ ಎಂದೆ. ಅವರ ಮುಖ ಸಣ್ಣದಾಯಿತು.

“ಅಕ್ಕಾರ, ನನ್ನ ಬಾಯಾಗ ಸುಳ್ಳ ಬಂದಿಲ್ರಿ. ಭಾರತ ಹುಣ್ಣಿಮಿ ಬ್ಯಾರೆ, ಹೋಳಿ ಹುಣ್ಣಿಮಿ ಬ್ಯಾರೆ. ನಡುವ ಒಂದ ತಿಂಗಳ ಐತಿ. ಸಣ್ಣ ಕೂಸಿಗೂ ಗೊತ್ತೈತಿ.” ಅಷ್ಟು ಹೇಳಿ, ಗಾಡಿ ಬಂತೆಂದು ತಮ್ಮ ಡಬ್ಬಿಯ ಕಡೆ ನಡೆದರು. ಯಾವಾಗಲೂ ಹತ್ತುವ ಮುಂಚೆ ಕೈ ಎತ್ತುತ್ತಿದ್ದವರು ಅವತ್ತು ಎತ್ತಲಿಲ್ಲ.

ಅದು ನನಗೆ ಚುಚ್ಚಿತು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಅಮ್ಮನನ್ನು ಕೇಳಿದೆ, ಮಾಘ ಮಾಸದ ಹುಣ್ಣಿಮೆ ಯಾವತ್ತು? ಅಮ್ಮ ಸೌತೆಕಾಯಿ ಕೊಚ್ಚುತ್ತಿದ್ದರು. ತಲೆ ಎತ್ತದೆ, “ಯಾರ ಮಾಘ?” ಎಂದರು.

“ಯಾರ ಮಾಘ ಎಂದರೆ ಎಂತ?”

“ನಮ್ಮದು ಸೂರ್ಯನ ಲೆಕ್ಕ ಅಲ್ವಾ. ಸಂಕ್ರಮಣಕ್ಕೆ ತಿಂಗಳು ಶುರು. ಆ ಗಟ್ಟದ ಮೇಲಿನವರದ್ದು ಚಂದ್ರನ ಲೆಕ್ಕ, ಅವರ ತಿಂಗಳು ಅಮಾಸೆಗೆ ಮುಗಿಯುತ್ತದೆ. ನಮ್ಮ ತಿಂಗಳು ಬಾಗಿಲು ತೆರೆಯುವಾಗ ಅವರದ್ದು ಅರ್ಧ ಊಟ ಆಗಿರ್ತದೆ, ಈ ಸಲದ ಹಾಗೆ ಅವರ ಹುಣ್ಣಿಮೆ ಕಳೆದೇ ಹೋಗಿರ್ತದೆ. ನಮ್ಮ ಅಷ್ಟಮಿ ಮತ್ತೆ ಅವರ ಅಷ್ಟಮಿ ಕೆಲವು ವರ್ಷ ಬೇರೆ ಬೇರೆ ತಿಂಗಳಲ್ಲಿ ಬರುವುದು ಯಾಕೆ ಅಂತ ಮಾಡಿದ್ದಿ? ನೀನು ನನ್ನ ಪಂಚಾಂಗ ಹಿಡ್ಕೊಂಡು ಅವರ ಹುಣ್ಣಿಮೆ ಹುಡುಕಿದ್ದಾ? ಒಂದು ಮಾತು ಕೇಳ್ಬಾರ್ದಿತ್ತಾ ಮಾರಾಯ್ತಿ.” ಇದನ್ನೆಲ್ಲ ತುಳುವಿನಲ್ಲಿ, ಸೌತೆಕಾಯಿ ಕೊಚ್ಚುವುದನ್ನು ನಿಲ್ಲಿಸದೆ ಹೇಳಿದರು.

ಆಫೀಸಿನ ಗೋಡೆಯ ಮೇಲೆ, ನನ್ನ ಕುರ್ಚಿಯ ಎದುರಿಗೇ ಮರಾಠಿ ಕ್ಯಾಲೆಂಡರ್ ಒಂದಿದೆ. ಅದರಲ್ಲಿ ಪೌಷ ಪೌರ್ಣಿಮೆ, ಮಾಘ ಪೌರ್ಣಿಮೆ ಎಲ್ಲ ಕೆಂಪಕ್ಷರದಲ್ಲಿ ಅಚ್ಚಾಗಿವೆ. ವಿಜಯಪುರದವರ ಲೆಕ್ಕವೂ ಅದೇ. ಕತ್ತೆತ್ತಿ ನೋಡಿದ್ದರೆ ಸಾಕಿತ್ತು. ಬುಧವಾರ ಎಲ್ಲರಿಗಿಂತ ಮೊದಲು ಹೋಗಿ ಒಂದೊಂದೇ ತಾರೀಕು ತಿದ್ದಿದೆ. ಮೂರು ಹುಣ್ಣಿಮೆಗಳು ಒಂದೊಂದು ತಿಂಗಳು ಹಿಂದಕ್ಕೆ ಸರಿದವು, ಎಳ್ಳ ಅಮಾವಾಸ್ಯೆಯೂ ಹೋಳಿಯೂ ಇದ್ದಲ್ಲೇ ಉಳಿದವು. ಗುಂಡಿ ಒತ್ತಿ ದಿನಗಳನ್ನು ಓಡಿಸಿದೆ. ನೀಲಿ ಚುಕ್ಕೆ ಗುಡ್ಡ ಇಳಿಯಿತು. ಎರಡು ದಿನ ಬಿಟ್ಟು ಎರಡನೆಯವಳು ಇಳಿದಳು. ನೀಲಿ ಗೌಡರ ಹೊಲದಲ್ಲಿ ಕೂತಿತು, ಅವಳು ಆಚೆಯ ಬದುವಿನಲ್ಲಿ. ನೀಲಿ ಹಳ್ಳ ದಾಟಿತು, ಅವಳೂ ದಾಟಿದಳು. ನಡುವೆ ಬಿಸಿಲು ಜೋರಾದಾಗ ನಾಲ್ಕು ದಿನ ಅಭಯಾರಣ್ಯದ ನೀರಿನ ಗುಂಡಿಗೆ ಹೋಗಿ ಮಲಗಿ ಬಂದಳು, ತವರಿಗೆ ಹೋಗಿ ಬಂದಂತೆ. ಬಂದವಳು ಮತ್ತೆ ನೀಲಿಯ ಹಿಂದೆಯೇ. ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ನಾಚಿಕೆಗೋ, ಎರಡಕ್ಕೂ ಇರಬೇಕು.

ಆ ಹೊತ್ತಿನಲ್ಲಿ ನನ್ನ ಮುಂದೆ ಇದ್ದದ್ದು ಎರಡು ದಾರಿ. ತಿದ್ದಿದ ನೀಲಿಯನ್ನು ಸುಮ್ಮನೆ ಒಂದು ಅನುಬಂಧಕ್ಕೆ ಸೇರಿಸಿ, ಕೆಂಪು ಗೆರೆಯನ್ನು ಹಾಗೇ ಬಿಡಬಹುದಿತ್ತು. ವರದಿ ಮುಗಿದಿತ್ತು, ಸಮಿತಿಗೆ ಒಂಬತ್ತು ದಿನ ಉಳಿದಿತ್ತು. ನಾನು ಕೆಂಪು ಗೆರೆಯನ್ನು ಆರಿಸಿ ಅಳಿಸಿದೆ. ಮೇಡಂ ಬಂದ ಕೂಡಲೇ ಹೇಳಿದೆ: “ಮರೆತದ್ದು ಅವರಲ್ಲ. ತಪ್ಪು ನನ್ನದು.”

ಮೇಡಂ ಅಷ್ಟು ಸುಲಭಕ್ಕೆ ನಂಬುವವರಲ್ಲ. ಪರೀಕ್ಷೆ ಇಟ್ಟರು. ಆ ವಾರದಿಂದ ಅಣ್ಣ ಸಂಜೆ ಹೇಳಿದ ಹೊಲವನ್ನು ಮಾಮಾ ನನಗೆ ಫೋನಿನಲ್ಲಿ ತಿಳಿಸಬೇಕು, ನಾನು ಚೀಟಿಯಲ್ಲಿ ಬರೆದು ಬೆಳಿಗ್ಗೆ ಮೇಡಂ ಕೈಗೆ ಕೊಡಬೇಕು. ಆಮೇಲಷ್ಟೇ ಮೇಡಂ ತಾವೇ ಕಾಲರಿನ ಚುಕ್ಕೆಗಳನ್ನು ಇಳಿಸಿಕೊಳ್ಳುವುದು. ಅದಕ್ಕೆ ಮೊದಲು ನಾನು ಕ್ಷಮೆ ಕೇಳಬೇಕಿತ್ತು. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಮಾಮಾಗೆ ಪಂಚಾಂಗದ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳಿ ಕೇಳಿ ಕೊನೆಗೆ ಹೊಟ್ಟೆ ಹಿಡಿದು ನಕ್ಕರು.

“ಹಂಗಾದ್ರ ನಿಮ್ಮ ಮನ್ಯಾಗ ಹುಣ್ಣಿಮಿ ನಮಗಿಂತ ತಡಾ ಬರ್ತೈತೇನ್ರಿ?”

ಐದು ಚೀಟಿಗಳಲ್ಲಿ ನಾಲ್ಕು ಹೊಂದಿದವು. ಒಂದು ದಿನ ಎರಡನೆಯವಳು ಬೇರೆಲ್ಲೋ ಇದ್ದಳು. ಮೇಡಂ ಕೊನೆಯ ಚೀಟಿಯನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು. ಹತ್ತು ವರ್ಷದಿಂದ ಹೋದಲ್ಲೆಲ್ಲ ಬೇಲಿ ಬೇಕು ಎಂದು ಕೇಳಿದವರು ಅವರು. “ಚುಕಲಂಚ ಮಗ ಆಪಲಂ” ಎಂದರು, ಹಾಗಾದರೆ ನಮ್ಮದೇ ತಪ್ಪಾಯಿತು ಎಂದು. ನನ್ನದು ಎನ್ನದೆ ನಮ್ಮದು ಎಂದದ್ದಕ್ಕೆ ನಾನು ಅವರನ್ನು ಎಂದೂ ಮರೆಯುವುದಿಲ್ಲ.

ಹೊಸ ವರದಿ ಗಡಿಬಿಡಿಯಲ್ಲಿ ತಯಾರಾಯಿತು. ಅಭಯಾರಣ್ಯ ತೋಳಕ್ಕೆ ಬೇಕು, ನೀರಿಗೆ, ನೆರಳಿಗೆ, ಯಾರೂ ಕಲ್ಲು ಹೊಡೆಯದ ನಾಲ್ಕು ದಿನಕ್ಕೆ. ಆದರೆ ಅವಳು ಬದುಕುವುದು ಗೆರೆಯ ಆಚೆ, ಹಿಂಡಿನ ಜೊತೆ. ಆದ್ದರಿಂದ ಗುಡ್ಡಕ್ಕೆ ಬೇಲಿ ಬೇಡ, ಸಸಿಯೂ ಬೇಡ, ಮೇಯಿಸುವುದು ನಡೆಯಲಿ. ಮರಿ ಹಾಕುವ ಚಳಿಗಾಲದಲ್ಲಿ ಆ ಒಂದು ಕೊರಕಲಿಗೆ ಮಾತ್ರ ಕುರಿಗಾರರೇ ಹಿಂಡು ಬಿಡದಿರಲಿ. ಈ ಕೊನೆಯದು ಅಣ್ಣನ ಸಲಹೆ. ನಕ್ಷೆಯ ಕೆಳಗೆ ಆಧಾರಗಳನ್ನು ಬರೆಯುವ ಜಾಗದಲ್ಲಿ ಉಪಗ್ರಹ, ಕಾಲರ್ ಆದ ಮೇಲೆ ಮೂರನೆಯದಾಗಿ ‘ಕುರಿಗಾರ ಸಹೋದರರ ನೆನಪು’ ಎಂದು ಸೇರಿಸಿದೆ. ಮೇಡಂ ಅದನ್ನು ಓದಿ ಸಹಿ ಹಾಕಿದರು. ಸಮಿತಿಯಲ್ಲಿ ಗೊಣಗಾಟ ನಡೆಯಿತಂತೆ. ಬೇಲಿಯಿಲ್ಲದ ರಕ್ಷಣೆ ಎಂಥದು ಎಂದು ಒಬ್ಬರು ಕೇಳಿದರಂತೆ. ಕೊನೆಗೆ ಸದ್ಯಕ್ಕೆ ಗುಡ್ಡ ತೆರೆದೇ ಇರಲಿ ಎಂದಾಯಿತು.

ಮಳೆ ಶುರುವಾದ ಮೇಲೆ ಎರಡನೆಯವಳ ಚುಕ್ಕೆಗಳು ವಿರಳವಾದವು. ಕಾಲರಿನ ಬ್ಯಾಟರಿಯ ಆಯುಸ್ಸು ಮುಗಿಯುತ್ತ ಬಂದಿತ್ತು. ಕೊನೆಯ ಚುಕ್ಕೆ ಹಳ್ಳದ ದಂಡೆಯಲ್ಲಿ ಬಿತ್ತು. ಆಮೇಲೆ ಏನೂ ಇಲ್ಲ. ಬ್ಯಾಟರಿ ಸತ್ತಿದೆ, ಅವಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆಂದು ಹೇಳಲು ಪರದೆಯ ಮೇಲೆ ಯಾವ ಆಧಾರವೂ ಇರಲಿಲ್ಲ. ರೈಲಿನ ಗೆಳತಿಯರು ಕೇಳಿದಾಗ, ಗೊತ್ತಿಲ್ಲ ಎನ್ನುವುದು ಕಷ್ಟವಾಗುತ್ತಿತ್ತು. ಕ್ರಮೇಣ ಅವರೇ ಕೇಳುವುದನ್ನು ಬಿಟ್ಟರು.

ನಾಗರ ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಮಳೆಗೆ ಗಾಡಿಗಳೆಲ್ಲ ತಡ, ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಜನದ ನಡುವಿನಿಂದ ಒಂದು ಕೈ ಮೇಲೆದ್ದಿತು. ಮಾಮಾ ತೋಯ್ದ ತಲೆ ಒರೆಸಿಕೊಳ್ಳುತ್ತ ನನ್ನ ಕಡೆ ನುಗ್ಗಿ ಬಂದರು.

“ಅಕ್ಕಾರ, ಅಮಾಸಿ ದಿನಾ ಗುಡ್ಡದ ಮ್ಯಾಲ ತ್ವಾಳ ಒಂದ ಕುರಿಮರಿ ಒಯ್ದೈತ್ರಿ. ಅಣ್ಣ ಕಣ್ಣಾರೆ ನೋಡ್ಯಾನ. ಕೊಳ್ಳಾಗ ಪಟ್ಟಿ ಐತಂತ, ಹಿಂದ ಎರಡ ಮರಿತ್ವಾಳ.”

ಕುರಿ ಎಷ್ಟು ಎಂದು ಎಂದೂ ಬಾಯಿ ಬಿಡದವರು ಹೋದ ಒಂದನ್ನು ಎಣಿಸಿ ಹೇಳಿದ್ದರು. ನಗು ಬರುತ್ತಿತ್ತು, ನಗುವುದು ತಪ್ಪು ಎನಿಸುತ್ತಿತ್ತು. “ಅಣ್ಣನಿಗೆ ಬೇಜಾರಾಯಿತಾ?” ಎಂದು ಕೇಳಿದೆ.

“ಆಗಲಾರದ ಇರ್ತೈತೇನ್ರಿ? ಹೊಟ್ಟಿ ತುಂಬ ಬೈದಾನ. ಬೈದ ಮ್ಯಾಲ ನನಗ ಅಂದ, ಆ ಅಕ್ಕಾರಿಗೆ ತಪ್ಪದ ಹೇಳು, ಅವರ ಹುಡಗಿ ಆರಾಮ ಅದಾಳ ಅಂತ.”

ಆಫೀಸಿಗೆ ಹೋದವಳು ಒದ್ದೆ ಛತ್ರಿಯನ್ನೂ ಮಡಚದೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ತಾರೀಕು ನೋಡಿದೆ. ಅಚ್ಚಾದ ನಕ್ಷೆಯ ಮೇಲೆ, ಕೆಂಪು ಗೆರೆ ಇಲ್ಲದ ಆ ಗುಡ್ಡದಲ್ಲಿ, ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟೆ.